ಆರನೇ ಮನೆಯ ಕೂಗು

ಬಿಳಿಗಲ್ಲು ಕಣಿವೆಯ ದುಗ್ಗಪ್ಪನ ಎದೆ ಒಂದಂಗುಲ ಕಡಿಮೆ ಬಿತ್ತು. ಸರ್ಕಾರ ಅವನ ಬಗ್ಗೆ ಬರೆದಿಟ್ಟ ಮೊದಲ ಮಾತೇ ಇದು. ಸಾವಿರದ ಒಂಬೈನೂರ ಹದಿನೈದರಲ್ಲಿ ದೊಡ್ಡ ಯುದ್ಧಕ್ಕೆ ಜನ ಬೇಕು ಎಂದು ಡಂಗುರ ಹೊಡೆಸಿದಾಗ ಅವನು ನಗರ ಎಂಬ ತನ್ನ ಕಡೆಯ ಊರಿನಿಂದ ಶಿವಮೊಗ್ಗದವರೆಗೆ ಮೂರು ದಿನ ನಡೆದೇ ಹೋದ. ಟೇಪು ಹಿಡಿದ ಡಾಕ್ಟರು ಎದೆ ಸುತ್ತಿ ಅಳೆದರು, ತಲೆಯಾಡಿಸಿದರು, ಮುಂದಿನವನನ್ನು ಕರೆದರು. ಆ ಎದೆಯಿಂದ ಹೊರಟ ದನಿ ಒಂದು ಗುಡ್ಡ ಹಾರಿ ಇನ್ನೊಂದಕ್ಕೆ ಬಡಿಯುತ್ತದೆ ಎಂಬುದನ್ನು ಅಳೆಯುವ ಟೇಪು ಅವರ ಹತ್ತಿರ ಇರಲಿಲ್ಲ. ಈಗಲೂ ಯಾರ ಹತ್ತಿರವೂ ಇದ್ದಂತಿಲ್ಲ.

ದುಗ್ಗಪ್ಪ ಮತ್ತೆ ಮೂರು ದಿನ ನಡೆದು ವಾಪಸು ಬಂದ. ಹೆಂಡತಿ ಗುತ್ಯಮ್ಮ ಏನಾಯಿತು ಎಂದು ಕೇಳಿದಳು. ದೇಶ ಕಾಯುವ ಕೆಲಸ ಮನೆಯಲ್ಲೇ ಇರುವಾಗ ಪರವೂರಿಗೆ ಹೋಗಿ ಕೇಳಿದ್ದು ತನ್ನದೇ ತಪ್ಪು ಎಂದು ಹೇಳಿ ಕಾಲು ತೊಳೆದುಕೊಂಡು ಒಳಗೆ ಹೋದ. ಅದು ಸೋತವನ ಸಮಾಧಾನದ ಮಾತಲ್ಲ. ಅಕ್ಷರಶಃ ನಿಜವಾಗಿತ್ತು.

ಹೊಸನಗರದ ಆಚೆ, ಕರಾವಳಿಗೆ ಇಳಿಯುವ ಕಾಲುದಾರಿಗಳಲ್ಲಿ ಬಿಳಿಗಲ್ಲು ಕಣಿವೆ ಒಂದು. ಅದರ ಬಾಯಿಯಿಂದ ನಗರದ ಹಳೆ ಕೋಟೆಯ ತನಕ ಆರು ಮೈಲಿ. ಈ ಆರು ಮೈಲಿಯ ಉದ್ದಕ್ಕೂ ಒಂಬತ್ತು ಮನೆಗಳು. ಒಂದು ಮನೆಯಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಕೂಗಳತೆ. ಎಲ್ಲವೂ ದೀವರ ಜಾತಿಯವರ ಮನೆಗಳು. ಪ್ರತಿ ಮನೆಯ ಪಕ್ಕದಲ್ಲಿ ಒಂದು ಬಂಡೆ, ಅದಕ್ಕೆ ಕೂಗುಗಲ್ಲು ಎಂದು ಹೆಸರು. ಕಣಿವೆಯ ಬಾಯಲ್ಲಿ ಏನಾದರೂ ಕಂಡರೆ ಮೊದಲನೇ ಮನೆಯವನು ಕಲ್ಲು ಹತ್ತಿ ಎರಡನೇ ಮನೆಗೆ ಕೂಗಬೇಕು, ಅವನು ಮೂರನೆಯದಕ್ಕೆ. ಹೀಗೆ ಸುದ್ದಿ ನಗರ ಮುಟ್ಟಬೇಕು. ಕೆಳದಿಯ ಅರಸರು ನಗರದಲ್ಲಿ ಕೂತು ಆಳುತ್ತಿದ್ದ ಕಾಲದಲ್ಲಿ ಈ ಕಾವಲಿಗೆ ಉಂಬಳಿಯಾಗಿ ಭೂಮಿ ಬಿಟ್ಟಿದ್ದರು ಎಂದು ಹಿರಿಯರು ಹೇಳುತ್ತಿದ್ದರು. ಅರಸರು ಹೋದರು, ಹೈದರ್ ಬಂದ, ಇಂಗ್ಲಿಷರು ಬಂದರು, ಮೈಸೂರಿನ ದಿವಾನರು ಒಬ್ಬರಾದ ಮೇಲೆ ಒಬ್ಬರು ಬಂದರು. ಒಂಬತ್ತು ಮನೆಯವರು ಮಾತ್ರ ಕೂಗುವುದನ್ನು ನಿಲ್ಲಿಸಲಿಲ್ಲ. ವೈರಿ ಬರದ ವರ್ಷಗಳಲ್ಲಿ ಕಾಡಾನೆ ಬಂದದ್ದನ್ನು ಕೂಗಿದರು, ಕಾಡಿಗೆ ಬೆಂಕಿ ಬಿದ್ದದ್ದನ್ನು ಕೂಗಿದರು.

ಕೂಗುವುದಕ್ಕೂ ಕಟ್ಟುಪಾಡು ಉಂಟು. ಮೊದಲು ಮುಂದಿನ ಮನೆಯ ಯಜಮಾನನ ಹೆಸರು ಹಿಡಿದು ಕರೆಯಬೇಕು. ಅವನು ಓಗೊಟ್ಟ ಮೇಲೆ ಸುದ್ದಿಯನ್ನು ತುಂಡು ತುಂಡಾಗಿ ಎಳೆದು ಹೇಳಬೇಕು. ಅವನು ಅದನ್ನೇ ತಿರುಗಿಸಿ ಹೇಳಬೇಕು. ಒಂದು ಮಾತು ಕೂಡಿಸುವಂತಿಲ್ಲ, ಒಂದು ಮಾತು ನುಂಗುವಂತಿಲ್ಲ. ಮಳೆಗಾಲದಲ್ಲಿ ಮಳೆ ಹೊಳವಾಗುವುದನ್ನು, ಎಂದರೆ ನಡುವೆ ಬಿಡುವು ಕೊಡುವುದನ್ನು ಕಾದು, ಗಾಳಿಗೆ ಬೆನ್ನು ಕೊಟ್ಟು ಕೂಗಬೇಕು. ಹೆಸರು ಹಿಡಿಯದೆ ಕೂಗಿದರೆ ಅದು ಕೂಗೇ ಅಲ್ಲ, ಯಾರೂ ಓಗೊಡುವುದಿಲ್ಲ.

ಅಪ್ಪ ಸತ್ತ ಮೇಲೆ ಮೊದಲನೇ ಮನೆಯ ಯಜಮಾನಿಕೆ ದುಗ್ಗಪ್ಪನಿಗೆ ಬಂತು. ಅದರ ಜೊತೆ ಒಂಬತ್ತು ಮನೆಯ ಹಿರಿತನವೂ, ಎರಡು ಕಥೆಗಳೂ ಬಂದವು. ದೀಪಾವಳಿಯಲ್ಲಿ ಒಂಬತ್ತು ಮನೆಯವರು ಸೇರಿದಾಗ ಆ ಕಥೆಗಳನ್ನು ಹೇಳುವ ಹಕ್ಕು ಅವನದು.

ಮೊದಲನೆಯದು ಕೆಳದಿಯ ರಾಣಿ ಚೆನ್ನಮ್ಮನದು. ಮರಾಠರ ರಾಜಕುಮಾರ ದಿಲ್ಲಿಯ ಬಾದಶಹನ ಕೈಗೆ ಸಿಗದೆ ಓಡಿ ಬಂದು ಆಕೆಯ ಬಾಗಿಲು ಬಡಿದದ್ದು, ಆಕೆ ಒಳಗೆ ಕರೆದದ್ದು, ಬಾದಶಹನ ದಂಡು ಬಂದಾಗ ಬಯಲಿಗೆ ಇಳಿಯದೆ ಕಾಡನ್ನೇ ಕೋಟೆ ಮಾಡಿಕೊಂಡು ಕಾದಿದ್ದು. ಒಂಬತ್ತು ಮನೆಯಲ್ಲಿ ಈ ಕಥೆಗೆ ಒಂದು ಬಾಲವೂ ಉಂಟು. ಅದು ಚರಿತ್ರೆಯ ಪುಸ್ತಕದಲ್ಲಿ ಇಲ್ಲ, ಇರಬೇಕು ಎಂದು ಅವರ ಹಟವೂ ಇಲ್ಲ. ಯುದ್ಧದ ದಿನ ರಾಣಿ ಎಲ್ಲಿ ನಿಲ್ಲುತ್ತಿದ್ದಳು ಎಂದು ದುಗ್ಗಪ್ಪ ಕೇಳುವನು. ಕೇಳುವವರೆಲ್ಲ ಒಟ್ಟಿಗೆ ಹೇಳುವರು: ಗೋಡೆ ಎಲ್ಲಿ ತೆಳುವೋ ಅಲ್ಲಿ. ಆಗ ದುಗ್ಗಪ್ಪ ಮೀಸೆ ತಿರುವುವನು.

ಎರಡನೆಯದು ನಗರದ ಕೋಟೆ ಬಿದ್ದ ಕಥೆ. ಹೈದರನ ಫಿರಂಗಿಗೆ ಅದು ಬೀಳಲಿಲ್ಲ. ಕೋಟೆಯವರೇ ಸೆರೆಯಲ್ಲಿ ಇಟ್ಟಿದ್ದ ಒಬ್ಬ ಅಧಿಕಾರಿ ಕಳ್ಳದಾರಿ ತೋರಿಸಿಕೊಟ್ಟ. ಈ ಕಥೆಯ ಕೊನೆಗೆ ಎಲ್ಲರೂ ಆ ದ್ರೋಹಿಯ ಹೆಸರಿಗೆ ಕ್ಯಾಕರಿಸಿ ಉಗಿದು ಊಟಕ್ಕೆ ಏಳುವುದು ವಾಡಿಕೆ.

ಕಥೆ ಹೇಳುವವನಿಗೆ ತನ್ನ ಕಥೆ ಕೇಳಿಸುವುದಿಲ್ಲ. ಇದು ನಮ್ಮ ದೇಶದ ಹಳೆಯ ಕಾಯಿಲೆ.

ಮೂವತ್ತೆಂಟನೇ ಇಸವಿಯಲ್ಲಿ ಐದನೇ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಆ ಮನೆಯ ಯಜಮಾನ ಜಟ್ಟಿಂಗಪ್ಪ. ಅವನ ತಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ತಮ್ಮನ ಹೆಂಡತಿ ಕನ್ನಮ್ಮ ಬಸುರಿಯಾದಳು. ಯಾರು ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಜಟ್ಟಿಂಗಪ್ಪ ಅವಳನ್ನು ಮನೆಯಿಂದ ಹೊರಗೆ ಹಾಕಿದ. ಅವಳು ಹಳ್ಳ ದಾಟಿ ಆರನೇ ಮನೆಯ ಬಾಗಿಲು ಬಡಿದಳು. ಆರನೇ ಮನೆಯಲ್ಲಿ ಆಗಷ್ಟೇ ಗಂಡ ಸತ್ತಿದ್ದ ಹುಲಿಗೆಮ್ಮ ಒಬ್ಬಳೇ ಇದ್ದಳು. ಬಾಗಿಲು ತೆಗೆದಳು.

ಜಾತಿಯ ಕೂಟ ಸೇರಿತು. ಹಿರಿಯನ ಜಾಗದಲ್ಲಿ ಕೂತವನು ದುಗ್ಗಪ್ಪ. ಹುಲಿಗೆಮ್ಮ ಕನ್ನಮ್ಮನನ್ನು ಹೊರಗೆ ಕಳಿಸಬೇಕು, ಇಲ್ಲವಾದರೆ ಆರನೇ ಮನೆಗೆ ಬೆಂಕಿ ಇಲ್ಲ, ನೀರು ಇಲ್ಲ, ಕೂಗೂ ಇಲ್ಲ ಎಂದು ತೀರ್ಮಾನವಾಯಿತು. ಹುಲಿಗೆಮ್ಮ ಎಲೆಯಡಿಕೆ ಅಗಿಯುತ್ತಾ ಎಲ್ಲ ಕೇಳಿಸಿಕೊಂಡು ಎದ್ದು ಹೋದಳು. ಕನ್ನಮ್ಮನನ್ನು ಕಳಿಸಲಿಲ್ಲ. ಅಂದಿನಿಂದ ಐದನೇ ಮನೆಯವರು ಆರನೆಯದಕ್ಕೆ ಕೂಗುವುದು ನಿಂತಿತು. ಬೇಸಿಗೆಯಲ್ಲಿ ಜಟ್ಟಿಂಗಪ್ಪ ಹಳ್ಳ ದಾಟಿ, ಗುಡ್ಡದ ನೆತ್ತಿಯವರೆಗೆ ಓಡಿ, ಅಲ್ಲಿಂದ ನೇರ ಏಳನೇ ಮನೆಗೆ ಕೂಗುತ್ತಿದ್ದ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವಾಗ ಅದೂ ಇಲ್ಲ. ಅಂದರೆ, ವರ್ಷಕ್ಕೆ ನಾಲ್ಕು ತಿಂಗಳು ಆ ಕಣಿವೆಗೆ ಕಾವಲೇ ಇರಲಿಲ್ಲ. ಎಂಟು ಮನೆಯವರಿಗೂ ಇದು ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ.

ನಲವತ್ತೆರಡರ ಏಪ್ರಿಲ್‌ನಲ್ಲಿ ಜಪಾನಿನವರು ಪೂರ್ವದ ಕರಾವಳಿಯ ಮೇಲೆ ಬಾಂಬು ಹಾಕಿದ ಸುದ್ದಿ ಬಂತು. ನಗರದಲ್ಲಿ ಅಂಗಡಿ ಇಟ್ಟಿದ್ದ ಹೇರಂಬ ಭಟ್ಟರು ಪತ್ರಿಕೆಯನ್ನು ಜೋರಾಗಿ ಓದಿ ಹೇಳಿದರು. ಪೂರ್ವಕ್ಕೆ ಬಂದವರು ಪಶ್ಚಿಮಕ್ಕೆ ಬರಲಾರರೇ ಎಂದು ಊರೆಲ್ಲ ಮಾತಾಡಿತು. ತೀರ್ಥಹಳ್ಳಿಯ ಕಡೆ ಕೆಲವರು ಒಡವೆಯನ್ನು ಹಿತ್ತಲಲ್ಲಿ ಹೂತರಂತೆ, ಎಲ್ಲಿ ಹೂತೆವು ಎಂದು ಮರೆತು ಈಗಲೂ ಅಗೆಯುತ್ತಿದ್ದಾರಂತೆ.

ಸಾಗರದ ಕಚೇರಿಯಿಂದ ಶಿರಸ್ತೇದಾರ ಪಾರ್ಶ್ವರಾಜಯ್ಯನವರು ಬಂದರು. ಹುಂಚದ ಕಡೆಯ ಜೈನರು, ಕಡ್ಡಿ ಮುರಿದಂತೆ ಮಾತಾಡುವವರು, ಲಂಚಕ್ಕೆ ಕೈಚಾಚದವರು. ಅವರ ಜೊತೆ ಗಾಡಿಯಲ್ಲಿ ಕೈಯಲ್ಲಿ ತಿರುಗಿಸುವ ಒಂದು ಸೈರನ್ನು, ಕಣಿವೆಯ ಬಾಯಿಯವರೆಗೆ ಎಳೆಯಲು ಟೆಲಿಫೋನಿನ ತಂತಿ ಬಂದವು. ಅವರು ಉಂಬಳಿಯ ಪಟ್ಟಿ ತೆರೆದು ದುಗ್ಗಪ್ಪನನ್ನು ಕರೆಸಿ, ಒಂಬತ್ತು ಮನೆಯವರು ಏನು ಕೆಲಸಕ್ಕೆ ಈ ಭೂಮಿ ಉಣ್ಣುತ್ತಿದ್ದಾರೆ ಎಂದು ಕೇಳಿದರು. ಕಾವಲಿಗೆ ಎಂದ ದುಗ್ಗಪ್ಪ. ಕಾವಲು ನಡೆಯುತ್ತಿದೆಯೇ ಎಂದರು. ನಡೆಯುತ್ತಿದೆ ಎಂದ. ಒಂಬತ್ತೂ ಮನೆಯೋ?

"ಒಂಬತ್ತೂ ಸ್ವಾಮಿ," ಎಂದ ದುಗ್ಗಪ್ಪ. ಐವತ್ತೈದು ವರ್ಷದಲ್ಲಿ ಅವನು ಸರ್ಕಾರಕ್ಕೆ ಹೇಳಿದ ಮೊದಲ ಸುಳ್ಳು ಅದು.

ಪಾರ್ಶ್ವರಾಜಯ್ಯನವರು ಪರೀಕ್ಷೆ ಇಟ್ಟರು. ಆಷಾಢದ ಮೊದಲ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ. ಮುಚ್ಚಿದ ಲಕೋಟೆಯಲ್ಲಿ ತಾವು ಒಂದು ಸುದ್ದಿ ತರುತ್ತಾರೆ. ಕಣಿವೆಯ ಬಾಯಲ್ಲಿ ಒಡೆದು, ತಂತಿಯಲ್ಲೂ ಕೂಗಿನಲ್ಲೂ ಒಟ್ಟಿಗೆ ಕಳಿಸುವುದು. ನಗರದಲ್ಲಿ ಪೊಲೀಸ್ ಜಮಾದಾರರು ಬರೆದುಕೊಳ್ಳುತ್ತಾರೆ. ಸುದ್ದಿ ಅಕ್ಷರ ತಪ್ಪದೆ ಮುಟ್ಟಿದರೆ ಕಾವಲು ಉಳಿಯಿತು. ಮುಟ್ಟದಿದ್ದರೆ ಕಾವಲಿನ ಹೆಸರು ದಫ್ತರದಿಂದ ತೆಗೆದು, ಭೂಮಿ ಸರ್ಕಾರಕ್ಕೆ. ಅವರು ಕೆಟ್ಟ ಮಾತಿನಲ್ಲಿ ಹೇಳಲಿಲ್ಲ. ಯುದ್ಧದ ಕಾಲದಲ್ಲಿ ಇಲ್ಲದ ಕಾವಲನ್ನು ಇದೆ ಎಂದು ನಂಬುವುದು ಕಾವಲೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂದರು. ದುಗ್ಗಪ್ಪನಿಗೆ ಆ ಮಾತು ಬೆನ್ನಿಗೆ ಅಲ್ಲ, ಹೊಟ್ಟೆಗೆ ಹೊಡೆದಂತಾಯಿತು. ಯಾಕೆಂದರೆ ಅದು ಸರಿಯಾಗಿತ್ತು.

ಮೇ ತಿಂಗಳೆಲ್ಲ ಅವನು ಬೇರೆ ದಾರಿ ಹುಡುಕಿದ. ಐದನೇ ಮನೆಯ ಕಲ್ಲಿನಿಂದ ಏಳನೆಯದಕ್ಕೆ ಕೂಗಿ ನೋಡಿದರು, ಗುಡ್ಡ ಅಡ್ಡ. ಮರದ ತುದಿಯಲ್ಲಿ ಅಟ್ಟಣೆ ಕಟ್ಟಿದರು, ಗಾಳಿಗೆ ಅದೇ ಬಿತ್ತು. ಹಳ್ಳ ದಾಟಲು ಮರದ ಸಂಕ ಹಾಕಿದರು, ಮೊದಲ ಮಳೆಗೆ ಮರದ ದಿಮ್ಮಿ ಸಮೇತ ಹೋಯಿತು. ಒಬ್ಬ ಹೆಂಗಸಿನ ಹೆಸರು ಕೂಗುವುದನ್ನು ತಪ್ಪಿಸಲು ಎಂಟು ಮನೆಯ ಗಂಡಸರು ಒಂದು ತಿಂಗಳು ಬೆವರು ಸುರಿಸಿದರು. ಸಂಕ ತೇಲಿಹೋದ ದಿನ ಗುತ್ಯಮ್ಮ ಗಂಡನಿಗೆ ಗಂಜಿ ಬಡಿಸುತ್ತಾ, ಹಳ್ಳಕ್ಕೂ ಬುದ್ಧಿ ಉಂಟು ಎಂದಳು. ದುಗ್ಗಪ್ಪ ಮಾರನೇ ದಿನ ಬೆಳಿಗ್ಗೆ ನೀರು ಇನ್ನೂ ಸೊಂಟದ ಮಟ್ಟ ಇರುವಾಗಲೇ ಹಳ್ಳ ದಾಟಿ ಆರನೇ ಮನೆಗೆ ಹೋದ.

ಹುಲಿಗೆಮ್ಮ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಅವನು ಬೇಲಿಯ ಬಾಗಿಲ ಗಳ ಸರಿಸದೆ ಹೊರಗೇ ನಿಂತ.

"ದಾರಿ ತಪ್ತನಾ ದುಗ್ಗಪ್ಪ?" ಎಂದಳು ಅವಳು, ಅಡಕತ್ತರಿ ನಿಲ್ಲಿಸದೆ. "ಇದು ಆರನೇ ಮನೆ. ನಿಮ್ ಲೆಕ್ಕದಲ್ಲಿ ಐದಾದ್ಮೇಲೆ ಏಳಲ್ವನಾ?"

ದುಗ್ಗಪ್ಪ ಬಂದ ಕೆಲಸ ಹೇಳಿದ. ಲಕೋಟೆ, ಸೋಮವಾರ, ಭೂಮಿ ಎಲ್ಲ ಹೇಳಿದ. ಆರನೇ ಮನೆಯ ಭೂಮಿಯೂ ಹೋಗುತ್ತದೆ ಎಂದು ನೆನಪಿಸಿದ. ಅವಳಿಗೆ ಅದು ನಾಟಲಿಲ್ಲ. ನಾಲ್ಕು ವರ್ಷ ನೀವು ಬಿಟ್ಟಿದ್ದೀರಿ, ಇನ್ನು ಸರ್ಕಾರ ಬಿಟ್ಟರೆ ಎಂತ ಎಂದಳು. ಆಮೇಲೆ ಅಡಕತ್ತರಿ ಕೆಳಗಿಟ್ಟಳು.

"ರಾಣಿ ಕಥೆ ಹೇಳು, ಕೇಳನ. ನಾಲ್ಕು ದೀಪಾವಳಿ ಆತು ಕೇಳದೆ. ಓಡಿ ಬಂದೋನಿಗೆ ಆಕೆ ಎಂತ ಮಾಡಿದ್ಲು?"

"ಆಶ್ರಯ ಕೊಟ್ಲು."

"ಅವ ಆಕೆ ಜಾತಿಯವ್ನಾ?"

"ಅಲ್ಲ."

"ಕೊಟ್ರೆ ಬಾದ್ಶಾ ಮೇಲೆ ಬೀಳ್ತಾನೆ ಅಂತ ಗೊತ್ತಿತ್ತಾ ಆಕೆಗೆ?"

"ಗೊತ್ತಿತ್ತು."

"ಮತ್ತೆ ನೀ ಆ ಕಥೆಗೆ ಮೀಸೆ ಯಾಕ್ ತಿರುವ್ತೀಯ ಮಾರಾಯ? ರಾಣಿ ಬಾಗ್ಲು ತೆಗುದ್ರೆ ಕಥೆ. ಹುಲಿಗೆಮ್ಮ ತೆಗುದ್ರೆ ಪಂಚಾಯ್ತಿ."

ದುಗ್ಗಪ್ಪನ ಕೈ ಮೀಸೆಯ ಹತ್ತಿರ ಹೋಗಿತ್ತೋ ಏನೋ, ಕೆಳಗೆ ಇಳಿಯಿತು. ಮೂವತ್ತು ವರ್ಷ ತಾನು ಹೇಳಿದ ಕಥೆಯನ್ನು ಅವನು ಆ ಬೇಲಿಯ ಹೊರಗೆ ನಿಂತು ಮೊದಲ ಸಲ ಕೇಳಿದ. ಒಂದು ಕಥೆಯ ಹಿಂದೆಯೇ ಇನ್ನೊಂದು ಬಂತು. ಕೋಟೆಗೆ ಕಳ್ಳದಾರಿ ತೋರಿಸಿದವನು ಹೊರಗಿನವನಾಗಿರಲಿಲ್ಲ. ಒಳಗಿದ್ದವನನ್ನು ಸೆರೆಗೆ ಹಾಕಿ ಹೊರಗಿನವನನ್ನಾಗಿ ಮಾಡಿದ್ದರು. ಈ ಮನೆಯ ಹಿಂದಿನ ಬಿದಿರು ಮೆಳೆಯಲ್ಲಿಯೂ ಕಣಿವೆಗೆ ಇಳಿಯುವ ಒಂದು ಒಳದಾರಿ ಉಂಟು, ಒಂಬತ್ತು ಮನೆಗೆ ಬಿಟ್ಟು ಬೇರೆಯವರಿಗೆ ಅದು ಗೊತ್ತಿಲ್ಲ. ನಾಲ್ಕು ವರ್ಷ ಬೆಂಕಿ ಕೊಡದೆ, ನೀರು ಕೊಡದೆ ಇಟ್ಟರೂ ಹುಲಿಗೆಮ್ಮ ಆ ದಾರಿಯನ್ನು ಕಾಡಿನ ಮರ ಕದ್ದು ಸಾಗಿಸುವ ಒಬ್ಬ ಕಳ್ಳನಾಟದವನಿಗೂ ತೋರಿಸಿರಲಿಲ್ಲ. ಕೂಗಿಗೆ ಯಾರೂ ಇಲ್ಲದ ಮನೆಯಲ್ಲಿ ಕೂತು ಅವಳು ಕಾವಲು ಮಾಡಿದ್ದಳು.

ದುಗ್ಗಪ್ಪ ಗಳ ಸರಿಸಿ ಒಳಗೆ ಬಂದ. ಜಗಲಿಯ ಮೇಲೆ ಕೂತ. ಕುಡಿಯಲು ನೀರು ಕೇಳಿದ.

ನೀರು ತಂದದ್ದು ಕನ್ನಮ್ಮ. ಅವಳ ಸೀರೆಯ ಸೆರಗು ಹಿಡಿದು ಮೂರೂವರೆ ವರ್ಷದ ಹೆಣ್ಣುಮಗು ಮೀಸೆಯವನನ್ನು ಬಾಯಿಬಿಟ್ಟು ನೋಡಿತು. ಕನ್ನಮ್ಮ ಚೊಂಬನ್ನು ಜಗಲಿಯ ಮೇಲೆ ಇಟ್ಟು ಹಿಂದೆ ಸರಿದಳು, ಕೈಗೆ ಕೊಡಲಿಲ್ಲ. ದುಗ್ಗಪ್ಪ ಅದನ್ನು ಎತ್ತಲಿಲ್ಲ. ಕೈ ಚಾಚಿಕೊಂಡೇ ಕೂತ. ಕೊನೆಗೆ ಅವಳೇ ಎತ್ತಿ ಕೈಗೆ ಕೊಟ್ಟಳು. ಅವನು ಒಂದು ಹನಿ ಬಿಡದೆ ಕುಡಿದ. ಅಷ್ಟಕ್ಕೆ ಅವನೂ ಜಾತಿಯಿಂದ ಹೊರಗಾದಂತೆ, ಅವನೇ ಹಾಕಿದ ಕಟ್ಟಿನ ಪ್ರಕಾರ.

ಹುಲಿಗೆಮ್ಮ ಒಪ್ಪಿದಳು, ಆದರೆ ಷರತ್ತು ಹಾಕಿದಳು. ತನ್ನ ದನಿ ಹೋಗಿದೆ, ಕಲ್ಲು ಹತ್ತುವವಳು ಕನ್ನಮ್ಮ. ಹೆಸರು ಹಿಡಿದಲ್ಲದೆ ಕೂಗಿಲ್ಲ ಎಂಬುದು ಹಿರಿಯರ ಕಟ್ಟು. ಆದ್ದರಿಂದ ಐದನೇ ಮನೆಯ ಕಲ್ಲಿನ ಮೇಲಿಂದ ಕನ್ನಮ್ಮನ ಹೆಸರು ಹಿಡಿದು ಕರೆಯಬೇಕು, ಐದನೇ ಮನೆಯವನೇ ಕರೆಯಬೇಕು, ಕಣಿವೆಗೆಲ್ಲ ಕೇಳಬೇಕು. ಹಾಗೆ ಕರೆದರೆ ಓಗೊಡುತ್ತಾಳೆ. ಇಲ್ಲದಿದ್ದರೆ ಸರ್ಕಾರ ಉಂಟು, ನೀವುಂಟು.

ಐದನೇ ಮನೆಯವನು ಎಂದರೆ ಜಟ್ಟಿಂಗಪ್ಪ. ಅವಳನ್ನು ಹೊರಗೆ ಹಾಕಿದವನು.

ದುಗ್ಗಪ್ಪ ಅವನ ಮನೆಗೆ ನಾಲ್ಕು ಸಲ ಹೋದ. ಜಟ್ಟಿಂಗಪ್ಪ ಕೆಟ್ಟವನಲ್ಲ, ಒಂದು ಸಲ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಗಂಡಸುತನ ಹೋಗುತ್ತದೆ ಎಂದು ನಂಬಿದವನು. ಬೇಕಾದರೆ ಪ್ರಾಣ ಕೊಡುತ್ತೇನೆ ದುಗ್ಗಣ್ಣ, ಆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ ಎಂದ. ಪ್ರಾಣ ಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ. ಯಾವ ಸಭೆಗೆ ಹೋಗಿ ನೋಡಿ, ದೇಶಕ್ಕೆ ರಕ್ತ ಕೊಡಲು ಸಾಲು ನಿಂತಿರುತ್ತಾರೆ. ಪಕ್ಕದ ಮನೆಯವಳನ್ನು ಹೆಸರು ಹಿಡಿದು ಕರೆಯಿರಿ ಎಂದರೆ ಸಾಲು ಕರಗುತ್ತದೆ.

ಪರೀಕ್ಷೆಯ ಸೋಮವಾರ ಬಂತು. ಪಾರ್ಶ್ವರಾಜಯ್ಯನವರು ಕೊಡೆ ಹಿಡಿದುಕೊಂಡು ಮೊದಲನೇ ಮನೆಗೆ ಬಂದಾಗ ದುಗ್ಗಪ್ಪ ಅಲ್ಲಿ ಇರಲಿಲ್ಲ. ಕಲ್ಲಿನ ಮೇಲೆ ಗುತ್ಯಮ್ಮ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದಳು. ನಿನ್ನ ಗಂಡ ಓಡಿಹೋದನೇ ಎಂದು ಅವರು ಕೇಳಿದರಂತೆ. ಹೌದು ಸ್ವಾಮಿ, ಗೋಡೆ ತೆಳು ಇರುವ ಕಡೆಗೆ ಓಡಿದ್ದಾರೆ ಎಂದಳಂತೆ ಅವಳು. ಅವರಿಗೆ ಅರ್ಥವಾಗಲಿಲ್ಲ.

ಜೀವನದಲ್ಲಿ ಒಂದೇ ಸಲ, ಸರ್ಕಾರದ ಕಣ್ಣೆದುರಿಗೆ, ಆ ಒಂದಂಗುಲ ಕಡಿಮೆಯ ಎದೆಯಿಂದ ಮೊದಲ ಕೂಗು ಹಾಕುವ ಅವಕಾಶ ದುಗ್ಗಪ್ಪನಿಗೆ ಬಂದಿತ್ತು. ಅವನು ಅದನ್ನು ಹೆಂಡತಿಗೆ ಬಿಟ್ಟುಕೊಟ್ಟು, ಬೆಳಗಿನ ಜಾವವೇ ಹೊರಟು, ಐದನೇ ಮನೆಯ ಕಲ್ಲಿನ ಬುಡಕ್ಕೆ ಬಂದು ನಿಂತಿದ್ದ. ಜಟ್ಟಿಂಗಪ್ಪ ಕಲ್ಲಿನ ಮೇಲಿದ್ದ. ಕೆಳಗೆ ಹಳ್ಳ ಕೆಂಪಗೆ, ಎರಡಾಳು ಎತ್ತರ ಹರಿಯುತ್ತಿತ್ತು. ಆಚೆಯ ಗುಡ್ಡದ ಮೇಲೆ ಆರನೇ ಮನೆಯ ಕಲ್ಲು, ಅದರ ಮೇಲೆ ಒಂದು ಕಪ್ಪು ಚುಕ್ಕೆಯ ಹಾಗೆ ಕನ್ನಮ್ಮ.

ಹತ್ತು ಗಂಟೆಗೆ ಗಾಳಿ ಒಂದು ದೊಡ್ಡ ಕೊಂಬೆಯನ್ನು ತಂತಿಯ ಮೇಲೆ ಬೀಳಿಸಿತು. ಟೆಲಿಫೋನು ಸತ್ತಿತು. ಇದು ಐದನೇ ಮನೆಯವರಿಗೆ ಗೊತ್ತಾಗುವಂತಿರಲಿಲ್ಲ. ಅವರಿಗೆ ಗೊತ್ತಾದದ್ದು ನಾಲ್ಕನೇ ಮನೆಯ ಕೂಗು. ಮಳೆ ಹೊಳವಾದ ಹೊತ್ತಿಗೆ ಅದು ಸ್ಪಷ್ಟವಾಗಿ ಬಂತು: ಹದಿನೇಳು ಗಾಡಿ. ಹನ್ನೊಂದಕ್ಕೆ ಕಮಾನು ಉಂಟು. ಆರಕ್ಕೆ ಇಲ್ಲ. ಮುಂದಿನ ಗಾಡಿಯ ಬಲಗಡೆ ಎತ್ತಿಗೆ ಒಂದು ಕೊಂಬು ಮುರಿದಿದೆ.

ಜಟ್ಟಿಂಗಪ್ಪ ಅದನ್ನು ತಿರುಗಿಸಿ ಹೇಳಿದ. ಆರನೇ ಮನೆಯ ಕಡೆ ಮುಖ ಮಾಡಿದ. ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡ. ದನಿ ಹೊರಡಲಿಲ್ಲ.

ಹೊಳವು ಹೆಚ್ಚು ಹೊತ್ತು ಇರುವುದಿಲ್ಲ. ಪಶ್ಚಿಮದಲ್ಲಿ ಮುಂದಿನ ಮಳೆ ಗುಡ್ಡಗಳನ್ನು ಒಂದೊಂದಾಗಿ ಒರೆಸಿಕೊಂಡು ಬರುತ್ತಿತ್ತು. ದುಗ್ಗಪ್ಪ ಅವನನ್ನು ಬಯ್ಯಲಿಲ್ಲ, ದೂಡಲಿಲ್ಲ. ಕಲ್ಲು ಹತ್ತಿ ಅವನ ಪಕ್ಕದಲ್ಲಿ ನಿಂತ.

"ಜಟ್ಟಿಂಗಾ, ಅವತ್ತು ಕೂಟದಲ್ಲಿ ಮಾತು ಆಡಿದವ ನಾನು. ನಿಂಗಿಂತ ಮೊದ್ಲು ನನ್ ಬಾಯಿ ತೊಳಿಬೇಕು," ಎಂದ. ಆಮೇಲೆ ಗಾಳಿಗೆ ಬೆನ್ನು ಕೊಟ್ಟು, ಐವತ್ತೈದು ವರ್ಷದ ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದ.

"ಓ... ಕನ್ನಮ್ಮಾ..."

ಗುಡ್ಡ ಅದನ್ನು ತೆಗೆದುಕೊಂಡಿತು, ಹಳ್ಳ ತೆಗೆದುಕೊಂಡಿತು, ಮತ್ತೆ ವಾಪಸು ಕೊಟ್ಟಿತು. ನಾಲ್ಕನೇ ಮನೆಯವರು ಕೇಳಿದರು, ಮೂರನೇ ಮನೆಯವರೂ ಕೇಳಿದರು ಎಂದು ಆಮೇಲೆ ಗೊತ್ತಾಯಿತು. ಆಚೆಯ ಚುಕ್ಕೆ ಕದಲಲಿಲ್ಲ. ಓಗೊಡಲಿಲ್ಲ. ಷರತ್ತು ಷರತ್ತೇ, ಐದನೇ ಮನೆಯವನ ದನಿ ಅದಲ್ಲ. ಕಾವಲಿನವರ ಮನೆಗಳಲ್ಲೇ ಇಷ್ಟು ವರ್ಷ ಬಾಳಿದವಳಿಗೆ ಕಟ್ಟುಪಾಡು ಅಷ್ಟರಮಟ್ಟಿಗೆ ಬಂದಿತ್ತು.

ದುಗ್ಗಪ್ಪ ಇನ್ನೊಂದು ಸಲ ಉಸಿರು ಎಳೆದ. ಕೆಮ್ಮು ಬಂತು. ಬಗ್ಗಿದ.

ಅವನು ಏಳುವಷ್ಟರಲ್ಲಿ ಪಕ್ಕದಿಂದ ದನಿ ಹೊರಟಿತು. ಮೊದಲು ಒಡೆದ ಮಡಕೆಯ ಹಾಗೆ, ಆಮೇಲೆ ತುಂಬಿಕೊಂಡು.

"ಓ... ಕನ್ನಮ್ಮಾ... ನಮ್ಮನೆ ಕನ್ನಮ್ಮಾ..."

ಕಟ್ಟುಪಾಡಿನಲ್ಲಿ ಇಲ್ಲದ ಒಂದು ಮಾತು ಕೂಡಿತ್ತು. ದುಗ್ಗಪ್ಪ ಅದನ್ನು ತಿದ್ದಲಿಲ್ಲ.

ಆಚೆಯ ಚುಕ್ಕೆ ಎರಡು ಕೈ ಎತ್ತಿತು. ಓ ಎಂಬ ಒಂದು ಎಳೆಯ, ತೆಳ್ಳಗಿನ, ಚೂಪಾದ ದನಿ ಹಳ್ಳದ ಗದ್ದಲವನ್ನು ಸೀಳಿಕೊಂಡು ಬಂತು. ಹೆಂಗಸಿನ ದನಿ ನೀರಿನ ಮೇಲೆ ಗಂಡಸಿನ ದನಿಗಿಂತ ಚೆನ್ನಾಗಿ ದಾಟುತ್ತದೆ ಎಂಬುದು ಇನ್ನೂರು ವರ್ಷದಲ್ಲಿ ಆ ಗಂಡಸರಿಗೆ ಮೊದಲ ಸಲ ಗೊತ್ತಾಯಿತು. ಜಟ್ಟಿಂಗಪ್ಪ ಸುದ್ದಿ ಕೊಟ್ಟ. ಅವಳು ತಿರುಗಿಸಿ ಹೇಳಿದಳು: ಹದಿನೇಳು, ಹನ್ನೊಂದು, ಆರು, ಬಲಗಡೆ ಎತ್ತು, ಮುರಿದ ಕೊಂಬು. ಬೆನ್ನು ತಿರುಗಿಸಿ ಏಳನೇ ಮನೆಗೆ ಕೂಗಿದಳು. ಮಳೆ ಬಂದು ಅವಳನ್ನೂ ಗುಡ್ಡವನ್ನೂ ಮುಚ್ಚಿತು.

ಮತ್ತೆ ಕಾಯುವ ಕೆಲಸ. ಇಬ್ಬರೂ ಕಲ್ಲಿನ ಮೇಲೆ ಒಂದೇ ಕಂಬಳಿಯಡಿ ಕೂತರು. ಜಟ್ಟಿಂಗಪ್ಪ ಎಲೆಯಡಿಕೆಯ ಚೀಲ ಬಿಚ್ಚಿದ, ಎಲೆ ಬಿಟ್ಟು ಕಂಬಳಿಗೆ ಸುಣ್ಣ ಹಚ್ಚಿದ. ಅದನ್ನು ನೋಡಿ ದುಗ್ಗಪ್ಪನಿಗೆ ನಗು ಬಂತು, ಅವನಿಗೂ ಬಂತು. ಮಳೆ ನಿಂತ ಮೇಲೆ ಆಚೆಯ ಗುಡ್ಡ ಮತ್ತೆ ಕಂಡಿತು. ಕನ್ನಮ್ಮ ಕಲ್ಲಿನಿಂದ ಇಳಿದೇ ಇರಲಿಲ್ಲ.

"ಓ... ದುಗ್ಗಪ್ಪಣ್ಣಾ... ಮುಟ್ತು... ನಗರ ಮುಟ್ತು..."

ದುಗ್ಗಪ್ಪ ಎದ್ದು ನಿಂತ. ಓಗೊಡಬೇಕು ಎಂದು ಬಾಯಿ ತೆರೆದ. ಮತ್ತೆ ಮುಚ್ಚಿ ಜಟ್ಟಿಂಗಪ್ಪನ ಹೆಗಲು ತಟ್ಟಿದ. ಜಟ್ಟಿಂಗಪ್ಪನೇ ಅವನ ಪರವಾಗಿ ಕೂಗಿದ.

ಮಧ್ಯಾಹ್ನ ಅವನು ಮೊದಲನೇ ಮನೆಗೆ ಬಂದಾಗ ಪಾರ್ಶ್ವರಾಜಯ್ಯನವರು ಇನ್ನೂ ಹೋಗಿರಲಿಲ್ಲ. ತಂತಿಯ ಕೆಲಸದವರು ಕೊಂಬೆ ಕಡಿಯುತ್ತಿದ್ದರು. ಶಿರಸ್ತೇದಾರರ ಮುಖದಲ್ಲಿ ಸಂತೋಷವಿತ್ತು. ಜಮಾದಾರರು ಬರೆದುಕೊಂಡದ್ದು ಕೂಗಿನಲ್ಲೇ ಮನೆಯಿಂದ ಮನೆಗೆ ಮರಳಿ ಬಂದಿತ್ತು, ಅಕ್ಷರ ತಪ್ಪಿಲ್ಲ, ಮುರಿದ ಕೊಂಬಿನ ಸಮೇತ. ದಾಟಿಸಿದವರ ಒಂಬತ್ತು ಹೆಸರನ್ನೂ ಅವರ ಪುಸ್ತಕದಲ್ಲಿ ಬರೆಸಿಕೊಂಡಿದ್ದಾರೆ. ಇನ್ನು ನಿಮ್ಮ ಉಂಬಳಿಯನ್ನು ಯಾರೂ ಮುಟ್ಟುವುದಿಲ್ಲ ಎಂದರು.

ಅಲ್ಲಿಗೆ ಮುಗಿಸಬಹುದಿತ್ತು. ಜಾಣನಾದವನು ಮುಗಿಸುತ್ತಿದ್ದ. ದುಗ್ಗಪ್ಪ ಕೊಪ್ಪೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಏಪ್ರಿಲ್‌ನಲ್ಲಿ ತಾನು ಹೇಳಿದ್ದು ಸುಳ್ಳು ಎಂದ. ನಾಲ್ಕು ಮಳೆಗಾಲ ಈ ಕಣಿವೆಗೆ ಕಾವಲು ಇರಲಿಲ್ಲ ಎಂದ.

"ಬಾಗಿಲು ತೆರೆದಿಟ್ಟದ್ದು ಯಾರು?" ಎಂದು ಕೇಳಿದರು ಪಾರ್ಶ್ವರಾಜಯ್ಯನವರು.

"ನಾನೇ ಸ್ವಾಮಿ."

ಹಾಗಾದರೆ ಮುಚ್ಚಿದವರು ಯಾರು ಎಂದು ಕೇಳಿದರು. ಅವನು ಹುಲಿಗೆಮ್ಮ, ಕನ್ನಮ್ಮ, ಜಟ್ಟಿಂಗಪ್ಪ ಎಂದು ಮೂರು ಹೆಸರು ಹೇಳಿದ. ಆ ಮೂರರಲ್ಲಿ ತನ್ನದು ಇರಲಿಲ್ಲ. ಅವರು ಪುಸ್ತಕ ತೆರೆದರು, ಮತ್ತೆ ಮುಚ್ಚಿದರು. ತಿನ್ನಲು ಏನಾದರೂ ಇದ್ದರೆ ಕೊಡಮ್ಮ ಎಂದು ಗುತ್ಯಮ್ಮನಿಗೆ ಹೇಳಿದರು. ಆ ಕಾಲದ ಶಿರಸ್ತೇದಾರರೊಬ್ಬರು, ಅದರಲ್ಲೂ ಮಡಿ ಬಿಡದ ಜೈನರು, ದೀವರ ಜಗಲಿಯ ಮೇಲೆ ಕೂತು ಬೆಲ್ಲ, ಬಾಳೆಹಣ್ಣು ತಿಂದರು. ಅಷ್ಟು ಸಾಕಿತ್ತು.

ಆ ದೀಪಾವಳಿಯಲ್ಲಿ ಕೂಟ ಸೇರಿದ್ದು ಆರನೇ ಮನೆಯ ಅಂಗಳದಲ್ಲಿ. ಕೋಟೆ ಬಿದ್ದ ಕಥೆ ಮುಗಿದಾಗ ಎಲ್ಲರೂ ಉಗಿಯಲು ಬಾಯಿ ತುಂಬಿಕೊಂಡರು. ದುಗ್ಗಪ್ಪ ಕೈ ಅಡ್ಡ ಹಿಡಿದ. ಅವನನ್ನು ಸೆರೆಗೆ ಹಾಕಿದವರು ಯಾರು ಎಂದು ಮೊದಲು ಹೇಳಿ, ಆಮೇಲೆ ಉಗಿಯಿರಿ ಎಂದ. ಒಬ್ಬೊಬ್ಬರೇ ನುಂಗಿಕೊಂಡರು. ರಾಣಿಯ ಕಥೆಯನ್ನು ಆ ವರ್ಷ ಅವನು ಹೇಳಲಿಲ್ಲ. ಹುಲಿಗೆಮ್ಮನಿಗೆ ಹೇಳಲು ಬಿಟ್ಟ. ಆಕೆಗೆ ಮೀಸೆ ಇಲ್ಲದ ಕಾರಣ ಮಗು ಓಡಿಬಂದು ದುಗ್ಗಪ್ಪನ ಮೀಸೆ ಹಿಡಿದು ತಿರುವಿತು.

ಜಪಾನಿನವರು ಬರಲಿಲ್ಲ. ಸಾಗರದಿಂದ ಮೇಲಕ್ಕೆ, ಮೇಲಿನಿಂದ ಇನ್ನೂ ಮೇಲಕ್ಕೆ ಹೋಗುವಷ್ಟರಲ್ಲಿ ಬಿಳಿಗಲ್ಲು ಕಣಿವೆಯ ವರದಿ ಬೇರೆ ರೂಪ ಪಡೆದಿತ್ತು. ಯುದ್ಧ ಮುಗಿದ ವರ್ಷ ಅದರ ಸಾರಾಂಶ ಅಚ್ಚಾಗಿ ಬಂತು. ಸೈರನ್ನಿನ ಪ್ರಯೋಜನ, ಟೆಲಿಫೋನಿನ ಪ್ರಯೋಜನ, ಅಧಿಕಾರಿಗಳ ದೂರದೃಷ್ಟಿ. ಸ್ಥಳೀಯರ ಸಹಕಾರವೂ ಇತ್ತು ಎಂದು ಒಂದು ಸಾಲು. ಈಗಲೂ ದೇಶರಕ್ಷಣೆ ಎಂದರೆ ನಮ್ಮವರು ಯಂತ್ರದ ಪಟ್ಟಿ ಓದುತ್ತಾರೆ. ಯಂತ್ರ ಬೇಡ ಎಂದು ದುಗ್ಗಪ್ಪನೂ ಹೇಳಲಿಲ್ಲ, ಅವತ್ತು ತಂತಿಯವರ ಜೊತೆ ಕೊಂಬೆ ಕಡಿಯಲು ಅವನೂ ಕತ್ತಿ ಹಿಡಿದು ಹೋಗಿದ್ದ. ಆದರೆ ಯಾವ ಮನೆಯನ್ನು ನಾವೇ ಹೊರಗೆ ಹಾಕಿದ್ದೇವೆ, ಯಾರ ಹೆಸರು ಹಿಡಿದು ಕರೆಯಲು ನಮಗೆ ಬಾಯಿ ಬರುವುದಿಲ್ಲ, ಆ ಪಟ್ಟಿಯನ್ನು ಯಾವ ಕಚೇರಿಯೂ ಓದುವುದಿಲ್ಲ. ಕೋಟೆ ಬೀಳುವುದು ಆ ಪಟ್ಟಿಯಿಂದಲೇ.

ಅಚ್ಚಾದ ಕಾಗದವನ್ನು ನಗರದ ಅಂಗಡಿಯಲ್ಲಿ ಹೇರಂಬ ಭಟ್ಟರು ಓದಿ ಹೇಳಿದರು. ಓದಿ ಮುಗಿಸಿ, ನಿನ್ನ ಹೆಸರು ಎಲ್ಲೂ ಇಲ್ಲವಲ್ಲೋ ಎಂದು ಅವರಿಗೇ ಸಿಟ್ಟು ಬಂತು. ದುಗ್ಗಪ್ಪನಿಗೆ ಬರಲಿಲ್ಲ. ಜಮಾದಾರರ ಹಳೆಯ ಪುಸ್ತಕ ಠಾಣೆಯಲ್ಲಿ ಇನ್ನೂ ಇದೆಯೇ, ಭಟ್ಟರು ಅದನ್ನು ನೋಡಿದ್ದಾರೆಯೇ ಎಂದು ಕೇಳಿದ. ನೋಡಿದ್ದೇನೆ ಎಂದರು ಅವರು.

"ಆರನೇ ಹೆಸ್ರು ಸರಿಯಾಗಿ ಬರ್ದಾರನಾ ಭಟ್ರೇ?"

"ಇದ್ದು ಮಾರಾಯಾ," ಎಂದರು ಭಟ್ಟರು, ಇದೆ ಎಂಬುದಕ್ಕೆ ಇದ್ದು ಎನ್ನುವ ತಮ್ಮ ಹವ್ಯಕ ಮನೆಮಾತಿನಲ್ಲೇ. "ಕನ್ನಮ್ಮ ಹೇಳಿ ಇದ್ದು. ಆರನೇ ಮನೆ ಯಜಮಾನಿ."

ದುಗ್ಗಪ್ಪ ಮೀಸೆಯ ಒಂದು ತುದಿ ತಿರುವಿದ. ಆಮೇಲೆ ಇನ್ನೊಂದು. ಕಂಬಳಿ ಹೆಗಲಿಗೆ ಹಾಕಿಕೊಂಡು ಕಣಿವೆಯ ದಾರಿ ಹಿಡಿದ. ಒಂಬತ್ತನೇ ಮನೆಯಿಂದ ಹಿಡಿದು ಎಲ್ಲ ಮನೆಗೂ ಒಂದೊಂದಾಗಿ ಹೇಳಿಕೊಂಡೇ ಹೋಗಬೇಕಿತ್ತು.